ಗೀಜರ್‌ಗೆ ಸಂಡಾಸದ ಆಸಿಡ್ ಹಾಕಬೇಡಿ ಅಣ್ಣಾರೆ

ಅಣ್ಣಾರೆ, ಫೋಟೋ ನೋಡಿದೆ. ನೀರು ಕಾಯಿಸುವ ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ ಕೂತಿದೆ. ಸಂಡಾಸ ತೊಳೆಯುವ ಆಸಿಡ್ ಅರ್ಧ ಬಾಟಲಿ ಒಳಗೆ ಬಿಟ್ಟು, ಒಂದು ತಾಸು ಇಟ್ಟು ಹೊರಗೆ ಬಿಡುತ್ತೇನೆ ಅಂತ ಬರೆದಿದ್ದೀರಿ. ಕೆಳಗೆ ನಾಲ್ಕು ಜನ ಹೂಂ ಅಂದಿದ್ದಾರೆ. ದಯವಿಟ್ಟು ನಿಲ್ಲಿಸಿ. ಇದೇ ಕೆಲಸ ಮಾಡಿ ನಾನು ಒಂದು ಗೀಜರ್ ಕಳೆದುಕೊಂಡಿದ್ದೇನೆ.

ನಮ್ಮದು ಗದಗ-ಬೆಟಗೇರಿ. ತುಂಗಭದ್ರೆಯ ನಳದ ನೀರು ಬಿಟ್ಟ ದಿನ ಬಿಟ್ಟರು, ಉಳಿದ ದಿನ ಬೋರೇ ಗತಿ. ತೊಗರಿ ಬೇಳೆ ಬೇಯದ, ಸಾಬೂನು ನೊರೆ ಬಿಡದ ನೀರು. 15 ಲೀಟರಿನ ಗೀಜರ್ ಮೂರನೇ ವರ್ಷಕ್ಕೆ ಕಡಲೆ ಹುರಿದ ಹಾಗೆ ಪಟಪಟ ಅನ್ನತೊಡಗಿತು. ಯಾರೋ ಹೇಳಿದರು ಅಂತ ಆಸಿಡ್ ಬಿಟ್ಟೆ. ಹೊಗೆ ಎದ್ದು ಕಣ್ಣು, ಗಂಟಲು ಉರಿಯಿತು. ಮನೆಯವರು ಕೆಮ್ಮುತ್ತಾ ಹೊರಗೆ ಓಡಿದರು. ಸುಣ್ಣ ಹೋಯಿತು, ಅದು ನಿಜ. ಸದ್ದು ನಿಂತಿತು, ನೀರೂ ಬೇಗ ಕಾಯಿತು. ಭಾಳ ಖುಷಿಪಟ್ಟೆ. ತಿಂಗಳು ತುಂಬುವುದರೊಳಗೆ ಒಂದು ಮುಂಜಾನೆ ನಳ ಮುಟ್ಟಿದರೆ ಕೈ ಜುಂ ಅಂದಿತು. ಕಾಯಿಲ್‌ನ ತಾಮ್ರದ ಕೊಳವೆಯಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ತೂತು ಬಿದ್ದಿತ್ತು. ನೀರಿಗೆ ಕರೆಂಟ್ ಇಳಿದಿತ್ತು. ನಮ್ಮ ಮನೆಯಲ್ಲಿ ಆಗ ಕರೆಂಟ್ ಸೋರಿದರೆ ತಾನೇ ಕಡಿದು ಹಾಕುವ ಇಎಲ್‌ಸಿಬಿ ಇರಲಿಲ್ಲ, ಅರ್ಥಿಂಗ್ ಕೂಡ ಸರಿ ಇರಲಿಲ್ಲ. ನನ್ನ ಹಿಂದೆಯೇ ಮಗಳು ಸ್ನಾನಕ್ಕೆ ಹೋಗುವವಳಿದ್ದಳು. ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತದೆ. ಹೊಸ ಕಾಯಿಲ್ ಹಾಕಿಸಿದೆ. ಅಷ್ಟರಲ್ಲಿ ಟ್ಯಾಂಕಿನ ಬೆಸುಗೆ ಹತ್ತಿರ ಸೋರಿಕೆ ಶುರುವಾಯಿತು. ಗುಜರಿಗೆ ಹಾಕಿದೆ.

ಆ ಬಾಟಲಿಯಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಸುಣ್ಣ ತಿಂದ ಮೇಲೆ ಅದು ಸುಮ್ನೆ ಕೂರುವುದಿಲ್ಲ, ಲೋಹಕ್ಕೆ ಬಾಯಿ ಹಾಕುತ್ತದೆ. ಇನ್ನೊಬ್ಬರು ಮೇಲೆ "ಆಸಿಡ್ ಜೊತೆ ಸ್ವಲ್ಪ ಬ್ಲೀಚಿಂಗ್ ಪೌಡರ್ ಸೇರಿಸಿ" ಅಂತ ಬರೆದಿದ್ದಾರೆ. ಅದನ್ನು ಮೊದಲು ಅಳಿಸಿ ಹಾಕಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಬಾಗಿಲು ಹಾಕಿದ ಬಚ್ಚಲಲ್ಲಿ ಜೀವಕ್ಕೇ ಕುತ್ತು.

ಈಗ ನಾನು ಮಾಡುವುದು ಇಷ್ಟು. ಕಾಯಿಲ್ ಹೊರಗೆ ತೆಗೆದು ನಿಂಬೆ ಉಪ್ಪಿನಲ್ಲಿ ನೆನೆಸುತ್ತೇನೆ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಕೊಡುತ್ತಾರೆ, ಅದೇ ಸಿಟ್ರಿಕ್ ಆಸಿಡ್. 5 ಲೀಟರ್ ನೀರಿಗೆ ಕಾಲು ಕಿಲೋ. ಪ್ಲಾಸ್ಟಿಕ್ ಬಕೆಟ್ಟೇ ಇರಲಿ. ನೀರು ಉಗುರು ಬೆಚ್ಚಗಿದ್ದರೆ ಸಾಕು. ಬೇಗ ಆಗಲಿ ಅಂತ ಕುದಿಯುವ ನೀರು ಸುರಿಯಬೇಡಿ, ಆಗ ಬೇರೊಂದು ಬಿಳಿ ಪುಡಿ ಕೂರುತ್ತದೆ. ಬಕೆಟ್ ಮೇಲೆ ಅಡ್ಡ ಕೋಲಿಟ್ಟು ಕಾಯಿಲ್ ಇಳಿಬಿಡಿ. ವೈರ್ ಕೂಡಿಸುವ ತುದಿ ಮಾತ್ರ ನೆನೆಯಬಾರದು. ಗುಳ್ಳೆ ಏಳುವುದು ನಿಂತರೂ ಸುಣ್ಣ ಉಳಿದಿದ್ದರೆ ನೀರು ಚೆಲ್ಲಿ ಹೊಸದಾಗಿ ಕಲಸಿ. ನಿಮ್ಮಷ್ಟು ದಪ್ಪ ಇದ್ದರೆ ಎರಡು ಸಲ ಬೇಕು, ಪೂರ್ತಿ ಒಂದು ದಿನದ ಕೆಲಸ. ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡಿ. ಬಚ್ಚಲಿಗೆ ಶಹಾಬಾದ್ ಕಲ್ಲು ಹಾಸಿದ್ದರೆ ಬಕೆಟ್ ಹೊರಗೆ ಇಡಿ. ಅದೂ ಸುಣ್ಣದ ಕಲ್ಲೇ ಅಲ್ವಾ, ಚೆಲ್ಲಿದಲ್ಲಿ ಕಲೆ ಬೀಳುತ್ತದೆ.

ಕಾಯಿಲ್ ಪಕ್ಕದಲ್ಲೇ ಅನೋಡ್ ರಾಡ್ ಇದ್ದರೆ ಮೊದಲು ಅದನ್ನು ತಿರುಗಿಸಿ ತೆಗೆಯಿರಿ. ಅದು ಮೆಗ್ನೀಷಿಯಂ. ನಿಂಬೆ ಉಪ್ಪಿಗೆ ಬಿದ್ದರೆ ಕರಗುತ್ತದೆ. ಟ್ಯಾಂಕಿಗೆ ಹಿಡಿಯುವ ತುಕ್ಕನ್ನು ತಾನು ತಿಂದು ಟ್ಯಾಂಕ್ ಉಳಿಸುವುದೇ ಅದರ ಕೆಲಸ. ಸವೆದು ಒಳಗಿನ ತಂತಿ ಕಂಡರೆ ಹೊಸದು ಹಾಕಿ. ನಮ್ಮ ಮೆಕ್ಯಾನಿಕ್ ಒಬ್ಬರು "ಅದೇನು ಬೇಡ್ರೀ" ಅಂತ ಅನೋಡ್ ಇಲ್ಲದೇ ಮುಚ್ಚಿ ಹೋಗಿದ್ದರು. ಅಂಥವರ ಮಾತು ಕೇಳಬೇಡಿ.

ಬಿಚ್ಚುವ ಮುಂಚೆ ಬರೀ ಸ್ವಿಚ್ ಅಲ್ಲ, ಕರೆಂಟ್ ಪೂರ್ತಿ ಕಡಿಯುವ ಎಂಸಿಬಿ ಕೆಳಗೆ ಮಾಡಿ. ಟೆಸ್ಟರ್ ಹಚ್ಚಿ ನೋಡಿ. ನೀರು ತಣ್ಣಗಾಗಲಿ. ವೈರ್‌ಗಳ ಫೋಟೋ ತೆಗೆದುಕೊಳ್ಳಿ. ವೈರಿನ ಕೆಲಸ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ, ಅದರಲ್ಲಿ ಸಣ್ಣತನ ಏನಿಲ್ಲ. ವಾರಂಟಿ ಇದ್ದರೆ ಕಂಪನಿಯವರೇ ಬಿಚ್ಚಲಿ. ಟ್ಯಾಂಕ್ ತಳದ ಸುಣ್ಣದ ಹಕ್ಕಳೆಗಳನ್ನು ಕೈಯಿಂದ, ಇಲ್ಲವೇ ಕಟ್ಟಿಗೆ ಚಮಚದಿಂದ ತೆಗೆಯಿರಿ. ಒಳಗಿನ ಲೇಪಕ್ಕೆ ಗೀರು ಬಿದ್ದರೆ ಅಲ್ಲಿಂದಲೇ ತುಕ್ಕು ಶುರು. ಗ್ಯಾಸ್ಕೆಟ್ ಹೊಸದೇ ಹಾಕಿ, ಹಳೆಯದು ಒಂದಲ್ಲ ಒಂದು ದಿನ ಸೋರುತ್ತದೆ. ಬೋಲ್ಟ್‌ಗಳನ್ನು ಎದುರು-ಬದುರು ಬಿಗಿಯಿರಿ. ಬಿಸಿ ನೀರಿನ ನಳದಲ್ಲಿ ನೀರು ಧಾರೆಯಾಗಿ ಬರುವವರೆಗೂ ಕರೆಂಟ್ ಹಾಕಬೇಡಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಸುಟ್ಟೇ ಹೋಗುತ್ತದೆ.

ಇನ್ನು ನಿಮ್ಮ ಎರಡನೇ ಫೋಟೋ. ಸೇಫ್ಟಿ ವಾಲ್ವ್ ಹನಿಯುತ್ತದೆ ಅಂತ ಎಂ-ಸೀಲ್ ಹಚ್ಚಿದ್ದೀರಲ್ಲ! ಇದು ಸುಣ್ಣಕ್ಕಿಂತ ದೊಡ್ಡ ಅಪಾಯ. ನೀರು ಕಾದಾಗ ಹಿಗ್ಗುತ್ತದೆ, ಹೆಚ್ಚಾದ ಒತ್ತಡ ಹೊರಗೆ ಹೋಗಲಿ ಅಂತಲೇ ಆ ವಾಲ್ವ್ ಇರುವುದು. ಕಾಯುವಾಗ ನಾಲ್ಕು ಹನಿ ಬಿದ್ದರೆ ಅದು ಸರಿಯಾಗಿದೆ ಅಂತ. ಬಾಯಿ ಮುಚ್ಚಿದರೆ ಟ್ಯಾಂಕ್ ಸಿಡಿಯಬಹುದು. ಇವತ್ತೇ ಹೊಸದು ಹಾಕಿಸಿ, ಅಲ್ಲಿಯವರೆಗೆ ಗೀಜರ್ ಹಚ್ಚಬೇಡಿ. ಸುಣ್ಣದ ನೀರಿಗೆ ವಾಲ್ವ್ ಕೂಡ ಜಾಮ್ ಆಗುತ್ತದೆ, ತಿಂಗಳಿಗೊಮ್ಮೆ ಅದರ ಪುಟ್ಟ ಲಿವರ್ ಎತ್ತಿ ಬಿಡಿ.

ನೀರಿನ ಬಿಸಿ ಹಿಡಿತದಲ್ಲಿಡುವ ಥರ್ಮೋಸ್ಟಾಟ್ 75 ಡಿಗ್ರಿಗೆ ಇಟ್ಟಿದ್ದೀರಿ. ಯಾಕೆ? ಮೈಗೆ ಬೇಕಿರುವುದು 40ರ ಆಸುಪಾಸು. 60 ದಾಟಿದ ಮೇಲೆ ಸುಣ್ಣ ಕೂರುವುದು ಭಾಳ ಜೋರು. ನಾನು 50-55ಕ್ಕೆ ಇಟ್ಟಿದ್ದೇನೆ, ದಿನವಿಡೀ ಹಚ್ಚಿಡುವುದಿಲ್ಲ. ಊರಿಗೆ ಹೋಗಿ ವಾರಗಟ್ಟಲೆ ಬಿಟ್ಟು ಬಂದಾಗ ಮಾತ್ರ ಒಮ್ಮೆ 60ರ ಮೇಲೆ ಕಾಯಿಸಿ ಬಳಸುತ್ತೇನೆ, ನಿಂತ ನೀರಿನ ಕ್ರಿಮಿ ಸಾಯಲಿ ಅಂತ.

ಟಿಡಿಎಸ್ ಮೀಟರ್ ತೋರಿಸಿ ನೀರು ಇಷ್ಟು ಗಡಸು ಅಂತ ಹೇಳುವವರನ್ನು ನಂಬಬೇಡಿ. ಅದು ಕರಗಿದ ಎಲ್ಲ ಉಪ್ಪನ್ನೂ ಸೇರಿಸಿ ಅಂದಾಜು ಹೇಳುತ್ತದೆ, ಸುಣ್ಣ ಎಷ್ಟು ಅಂತ ಬೇರೆ ಹೇಳುವುದಿಲ್ಲ. ಹಾರ್ಡ್‌ನೆಸ್ ಟೆಸ್ಟ್ ಬೇರೆ. ಕುಡಿಯುವ ನೀರಿಗೆ ಬಿಐಎಸ್ (ಗುಣಮಟ್ಟ ಗೊತ್ತುಮಾಡುವ ಸರ್ಕಾರಿ ಸಂಸ್ಥೆ) ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಪೈಪಿಗೆ ಸುತ್ತುವ ಅಯಸ್ಕಾಂತಕ್ಕೆ ದುಡ್ಡು ಹಾಕಬೇಡಿ, ನಾನು ಹಾಕಿ ನೋಡಿದ್ದೇನೆ, ಸುಣ್ಣ ಮೊದಲಿನಷ್ಟೇ ಕೂತಿತು. ಹೊಸ ಗೀಜರ್ ಕೊಳ್ಳುವುದಾದರೆ ಬ್ರ್ಯಾಂಡ್ ಹೆಸರಿಗಿಂತ ಕಾಯಿಲ್ ಯಾವುದು ಅಂತ ಕೇಳಿ. ಎ.ಓ. ಸ್ಮಿತ್‌ನ ಕೆಲವು ಮಾಡೆಲ್‌ಗಳಲ್ಲಿ ಕಾಯಿಲ್ ಮೇಲೆ ಗಾಜಿನ ಲೇಪ ಇರುತ್ತದೆ, ನಮ್ಮ ನೀರಿಗೆ ನನಗೆ ಅದೇ ಸರಿ ಅನ್ನಿಸಿದೆ. ಆದರೂ ಅದನ್ನೂ ವರ್ಷಕ್ಕೊಮ್ಮೆ ತೊಳೆಯಲೇಬೇಕು. ನೀರು ತುಂಬುವ ಹಬ್ಬಕ್ಕೆ ಅವ್ವ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳಲ್ಲ, ನಾನು ಅದರ ಹಿಂದಿನ ಭಾನುವಾರವೇ ಗೀಜರ್ ಬಿಚ್ಚುತ್ತೇನೆ. ದಿನ ಮರೆಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗಿದ್ದು ಬೇರೆಯೇ. ಮಾಳಿಗೆ ಮೇಲೆ ಗೀಜರ್‌ಗೆ ಅಂತಲೇ 200 ಲೀಟರಿನ ಸಣ್ಣ ಟ್ಯಾಂಕ್ ಇಟ್ಟೆ. ಅದಕ್ಕೆ ನಳದ ನೀರು ಮಾತ್ರ. ಬೋರಿನದು ಬಟ್ಟೆ, ಪಾತ್ರೆ, ಸಂಡಾಸಕ್ಕೆ. ನಾಲ್ವರ ಮನೆಗೆ ವಾರ ಬರುತ್ತದೆ, ಯಾಕೆಂದರೆ ಬಿಸಿ ನೀರು ತಲೆಗೆ ಅರ್ಧ ಕೊಡದಷ್ಟೇ, ಉಳಿದದ್ದು ತಣ್ಣೀರು ಬೆರೆಸುತ್ತೇವೆ. ಮೊದಲು ವರ್ಷಕ್ಕೆ ಎರಡು ಮುಷ್ಟಿ ಹಕ್ಕಳೆ ತೆಗೆಯುತ್ತಿದ್ದೆ, ಹೋದ ಸಲ ಒಂದು ಚಮಚ ಸಿಕ್ಕಿತು. ನೀವು ಹುಬ್ಬಳ್ಳಿಯವರು, ನಿಮಗೆ ಮಲಪ್ರಭೆ ನೀರು ಬರುತ್ತದೆ. ಅದನ್ನು ಬೋರಿನ ನೀರಿನ ಜೊತೆ ಒಂದೇ ಸಿಂಟೆಕ್ಸ್‌ಗೆ ಬಿಟ್ಟು ಕಲಸಬೇಡಿ.

ಆಸಿಡ್ ಈಗಾಗಲೇ ಬಿಟ್ಟಿದ್ದರೆ ಗೀಜರ್ ಹಚ್ಚಬೇಡಿ. ಕಿಟಕಿ ತೆಗೆದು ನೀರು ಹರಿಯಬಿಡಿ, ಐದಾರು ಟ್ಯಾಂಕ್‌ನಷ್ಟು ಹೋಗಲಿ. ಆಮೇಲೆ ಕಾಯಿಲ್ ಬಿಚ್ಚಿಸಿ, ಎಲೆಕ್ಟ್ರಿಷಿಯನ್‌ನಿಂದ ಕರೆಂಟ್ ಲೀಕೇಜ್ ಟೆಸ್ಟ್ ಮಾಡಿಸಿ. ಇಎಲ್‌ಸಿಬಿ ಇಲ್ಲದಿದ್ದರೆ ಅದೇ ದಿನ ಹಾಕಿಸಿಕೊಳ್ಳಿ. ಕಾಯಿಲ್ ಫೋಟೋ ಇಲ್ಲಿಗೆ ಹಾಕಿ, ತೂತು ಇದೆಯಾ ಅಂತ ನೋಡಿ ಹೇಳುತ್ತೇನೆ.