ಕೆಂಪು ಧೂಳಿನದೋ, ವಯಸ್ಸಿನದೋ?

ಎಂ82 ಗ್ಯಾಲಕ್ಸಿಯ ಬಣ್ಣಗಳಿಗೆ ‘ಎಳೆಯ ನಕ್ಷತ್ರ, ಜಾಸ್ತಿ ಧೂಳು’ ಮತ್ತು ‘ಹಳೆಯ ನಕ್ಷತ್ರ, ಕಡಿಮೆ ಧೂಳು’ ಎರಡೂ ಮಾಡೆಲ್ ಹೊಂದುತ್ತಿವೆ, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ನಿಮ್ಮ ಕೋಡ್ ಮೇಲೆ ಸುಮ್ನೆ ಅನುಮಾನ ಪಡಬೇಡಿ. ಧೂಳೂ ವಯಸ್ಸೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಥರ ಕೆಂಪಾಗಿಸುತ್ತವೆ. ಬರೀ ಬಣ್ಣದಿಂದ ಇವನ್ನು ಬಿಡಿಸುವುದು ಕಷ್ಟ.

ಮೊದಲು ಹೈಡ್ರೋಜನ್ ಗೆರೆಗಳನ್ನು, ಅಂದರೆ ಗ್ಯಾಲಕ್ಸಿಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಹೈಡ್ರೋಜನ್ ಅನಿಲದಿಂದ ಕಾಣುವ ಹೊಳೆಯುವ ಗೆರೆಗಳನ್ನು, ನೋಡಿ. ಧೂಳಿಲ್ಲದಿದ್ದರೆ ಕೆಂಪು ಬಣ್ಣದ ಎಚ್-ಆಲ್ಫಾ ಗೆರೆ ನೀಲಿ ಕಡೆಯ ಎಚ್-ಬೀಟಾಗಿಂತ ಸುಮಾರು 2.86 ಪಟ್ಟು ಪ್ರಬಲವಾಗಿರುತ್ತದೆ. ಧೂಳು ನೀಲಿಯನ್ನೇ ಹೆಚ್ಚು ನುಂಗುವುದರಿಂದ, ಅದಕ್ಕಿಂತ ಜಾಸ್ತಿ ಬಂದರೆ ಧೂಳಿದೆ ಅಂತ ಅರ್ಥ. ಆದರೆ ಎಂ82ರ ನಡುಭಾಗದಲ್ಲಿ ಧೂಳು ತುಂಬಾ ದಟ್ಟ. ಅಲ್ಲಿ ಈ ಗೆರೆಗಳು ಹೊರಪದರದ ಕಥೆಯನ್ನಷ್ಟೇ ಹೇಳುತ್ತವೆ. ಹಾಗಾಗಿ ಇನ್‌ಫ್ರಾರೆಡ್ ಅಳತೆಗಳನ್ನೂ ಸೇರಿಸಲೇಬೇಕು. ಧೂಳು ನುಂಗಿದ ಬೆಳಕು ಇನ್‌ಫ್ರಾರೆಡ್‌ನಲ್ಲೇ ಹೊರಬರುವುದು, ಅಲ್ವಾ?

ವಯಸ್ಸಿಗೆ ನನಗೆ ತುಂಬಾ ಇಷ್ಟವಾದ ಸುಳಿವು 2.3 ಮೈಕ್ರಾನ್ ಹತ್ತಿರದ ಕಾರ್ಬನ್ ಮಾನಾಕ್ಸೈಡ್ ಪಟ್ಟಿ, ಅಂದರೆ ತಂಪು ನಕ್ಷತ್ರಗಳಲ್ಲಿನ ಆ ಅನಿಲ ಬೆಳಕನ್ನು ಹೀರಿದ ಕಪ್ಪು ಪಟ್ಟಿ. ನಕ್ಷತ್ರಗಳು ಹುಟ್ಟಿ ಸುಮಾರು 1 ಕೋಟಿ ವರ್ಷವಾದಾಗ ಕೆಂಪು ಮಹಾದೈತ್ಯಗಳು (ಉಬ್ಬಿ ತಂಪಾದ ಭಾರೀ ನಕ್ಷತ್ರಗಳು) ಬರುತ್ತವೆ, ಈ ಪಟ್ಟಿ ಆಳವಾಗುತ್ತದೆ. ಅಷ್ಟರಲ್ಲಿ ಹೈಡ್ರೋಜನ್ ಅನಿಲವನ್ನು ಹೊಳೆಯಿಸುವ ತೀರಾ ಎಳೆಯ ಬಿಸಿ ನಕ್ಷತ್ರಗಳು ಕಡಿಮೆಯಾಗಿ ಎಚ್-ಆಲ್ಫಾ ಮಂಕಾಗಿರುತ್ತದೆ. ಎರಡೂ ಜೋರಾಗಿ ಕಂಡರೆ ಒಂದೇ ಬರ್ಸ್ಟ್ (ಒಮ್ಮೆಲೇ ಬಹಳ ನಕ್ಷತ್ರಗಳು ಹುಟ್ಟುವ ಅವಧಿ) ಸಾಲದು. ಎಂ82ರ ನಡುಭಾಗಕ್ಕೆ 1 ಕೋಟಿ ಮತ್ತು 50 ಲಕ್ಷ ವರ್ಷಗಳ ಹಿಂದಿನ ಎರಡು ಬರ್ಸ್ಟ್‌ಗಳ ಮಾಡೆಲ್ ಚೆನ್ನಾಗಿ ಹೊಂದುತ್ತದೆ. ನೀವೂ ಅಲ್ಲಿಂದಲೇ ಶುರು ಮಾಡಿ.