ಸೋಮವಾರದಿಂದ ಶುರು ಮಾಡುವವರು

(ಗುರುತು ಸಿಗಬಾರದೆಂದು ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

42 ವರ್ಷದ ಗಂಡಸು. ದಿನವಿಡೀ ಕುಳಿತು ಮಾಡುವ ಕೆಲಸ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಆರೋಗ್ಯ ತಪಾಸಣೆಯಲ್ಲಿ ಬಿಪಿ ಗಡಿಯಲ್ಲಿದೆ ಎಂದು ಗೊತ್ತಾಗಿತ್ತು. ಎರಡು ಮಹಡಿ ಹತ್ತಿದರೆ ಏದುಸಿರು. ಇಸಿಜಿ, ರಕ್ತ ಪರೀಕ್ಷೆ ಎಲ್ಲ ನೋಡಿದ ಡಾಕ್ಟರು "ಮಾತ್ರೆ ಈಗಲೇ ಬೇಡ, ಊಟ ಮತ್ತು ವ್ಯಾಯಾಮ ಸರಿ ಮಾಡಿಕೊಳ್ಳಿ" ಎಂದಿದ್ದರು. ಅದೇ ಮಾತನ್ನು ಹಿಂದೆಯೂ ಹೇಳಿದ್ದರಂತೆ. ಈ ಸಲ ಜೊತೆಗೆ ನನ್ನ ಹತ್ತಿರವೂ ಕಳಿಸಿದರು.

ಅದಕ್ಕೆ ಆಪ್ತಸಲಹೆ ಯಾಕೆ ಬೇಕು? ಅವರೇ ಮೊದಲ ದಿನ ಕೇಳಿದ ಪ್ರಶ್ನೆ ಇದು. "ಏನು ತಿನ್ನಬೇಕು, ಎಷ್ಟು ನಡೀಬೇಕು ಎಲ್ಲಾ ಗೊತ್ತು ಮೇಡಂ. ಮಾಡೋಕೆ ಆಗ್ತಿಲ್ಲ. ನನಗೆ ಸಂಯಮ ಇಲ್ಲ, ಅಷ್ಟೇ."

ಈ ತೀರ್ಮಾನವನ್ನು ಹೊತ್ತುಕೊಂಡೇ ತುಂಬಾ ಜನ ಬರುತ್ತಾರೆ. ನಾನು ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಹಿಂದಿನ ಪ್ರಯತ್ನ ಹೇಗೆ ನಡೆಯಿತು, ಒಂದೊಂದು ದಿನವನ್ನೂ ಹೇಳಿ ಎಂದೆ.

ಶುರುವಾಗಿದ್ದು ಸೋಮವಾರ. ಬೆಳಿಗ್ಗೆ 5 ಗಂಟೆಗೆ ಎದ್ದು 5 ಕಿಲೋಮೀಟರ್ ಓಟ. ಕಾಲೇಜಿನಲ್ಲಿ ಓಟದ ಸ್ಪರ್ಧೆಗಳಿಗೆ ಹೋಗುತ್ತಿದ್ದವರು, ಹಾಗಾಗಿ ಇದು ಜಾಸ್ತಿ ಅನ್ನಿಸಲೇ ಇಲ್ಲ. ಸಿಹಿ ಪೂರ್ತಿ ಬಂದ್. ಕರಿದದ್ದು ಬಂದ್. ಬೆಳಗಿನ ತಿಂಡಿ ಬದಲು ಒಂದು ಹಣ್ಣು. ದಿನಾ ಎದ್ದ ತಕ್ಷಣ ತೂಕ. ಮೊದಲ ವಾರ 2 ಕೆಜಿಗಿಂತ ಜಾಸ್ತಿ ಇಳಿಯಿತು. ಎರಡನೇ ವಾರ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ, ಮಂಡಿ ನೋವು ಬಂತು. ಅಷ್ಟರಲ್ಲಿ ಸಹೋದ್ಯೋಗಿಯೊಬ್ಬರ ಹುಟ್ಟುಹಬ್ಬ. ಒಂದು ತುಂಡು ಕೇಕ್ ತಿಂದರು. ಆ ರಾತ್ರಿ ಮನೆಯಲ್ಲಿದ್ದ ಸಿಹಿಯನ್ನೂ ಖಾಲಿ ಮಾಡಿದರು. ಮಾರನೇ ದಿನ ಓಡಲಿಲ್ಲ. "ಹೆಂಗೂ ಕೆಟ್ಟೋಯ್ತಲ್ಲ, ಮುಂದಿನ ತಿಂಗಳು ಒಂದು ಸೋಮವಾರ ನೋಡಿ ಮತ್ತೆ ಶುರು ಮಾಡೋಣ ಅಂದ್ಕೊಂಡೆ."

ಆ ಮುಂದಿನ ಸೋಮವಾರ ಬರಲು ಎಂಟು ತಿಂಗಳು ಹಿಡಿಯಿತು.

ಇದರಲ್ಲಿ ಸಂಯಮದ ಕೊರತೆ ನನಗೆ ಕಾಣಲಿಲ್ಲ. ಹತ್ತು ದಿನ ಅಷ್ಟು ಕಟ್ಟುನಿಟ್ಟಾಗಿ ಇದ್ದವರಿಗೆ ಸಂಯಮ ಇಲ್ಲ ಅನ್ನುವುದು ಹೇಗೆ? ಕಂಡಿದ್ದು ಬೇರೆ. ಅವರ ನಿಯಮದಲ್ಲಿ ಎರಡೇ ಖಾನೆ ಇದ್ದವು: ಪೂರ್ತಿ ಪಾಲಿಸಿದ್ದು, ಪೂರ್ತಿ ಕೆಟ್ಟಿದ್ದು. ಒಂದು ತುಂಡು ಕೇಕ್ ಎರಡನೇ ಖಾನೆಗೆ ಬಿತ್ತು. ಆಮೇಲೆ ತಿಂದಿದ್ದಕ್ಕೆಲ್ಲ ಲೆಕ್ಕವೇ ಇಲ್ಲದ ಹಾಗಾಯಿತು.

ಇದು ಮನಶ್ಶಾಸ್ತ್ರಕ್ಕೆ ಹಳೆಯ ಪರಿಚಯ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಸಂಶೋಧಕರು ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮ್ ಇಟ್ಟರು. ಊಟದ ಬಗ್ಗೆ ತಲೆ ಕೆಡಿಸಿಕೊಳ್ಳದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಹಿಡಿತದಲ್ಲಿರಲು ಹೆಣಗುವವರು ಮಾತ್ರ ಏನೂ ಕುಡಿಯದಿದ್ದಾಗ ತಿನ್ನುತ್ತಿದ್ದುದಕ್ಕಿಂತ ಜಾಸ್ತಿಯೇ ತಿಂದರು. ನಿಯಮ ಮುರಿದಿದ್ದೇ ತಿನ್ನಲು ರಹದಾರಿ ಆಗಿಬಿಟ್ಟಿತ್ತು. ಇದನ್ನು ಹೇಳಿದಾಗ ಅವರು ನಕ್ಕರು. "ಕೇಕ್ ಕಥೆನೇ ಇದು, ಅಲ್ವಾ?"

ಮೊದಲ ವಾರದ 2 ಕೆಜಿಯ ಗುಟ್ಟನ್ನೂ ಬಿಡಿಸಿ ಹೇಳಿದೆ. ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ಥಟ್ಟನೆ ಕಡಿಮೆಯಾದಾಗ ಆ ದಾಸ್ತಾನು ಕರಗುತ್ತದೆ, ನೀರೂ ಹೋಗುತ್ತದೆ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ, ಅದು ವಾರಕ್ಕೆ ಎರಡು ಕೆಜಿ ಕರಗುವ ವಸ್ತುವಲ್ಲ. ಮೊದಲ ವಾರದ ಖುಷಿಯೂ, ಎರಡನೇ ವಾರದ ನಿರಾಸೆಯೂ ಬಹುಪಾಲು ನೀರಿನದೇ.

ಅವರಿಗೆ ಕೊಟ್ಟ ಮೊದಲ ಕೆಲಸದಲ್ಲಿ ಡಯಟ್ಟೂ ಇರಲಿಲ್ಲ, ಓಟವೂ ಇರಲಿಲ್ಲ. ಒಂದು ವಾರ ಸುಮ್ನೆ ಬರೆಯಿರಿ ಎಂದೆ. ಎಷ್ಟು ಹೊತ್ತಿಗೆ ತಿಂದಿರಿ, ಎಲ್ಲಿ, ಆಗ ಹಸಿವು 0ಯಿಂದ 10ರಲ್ಲಿ ಎಷ್ಟಿತ್ತು. ಕ್ಯಾಲೊರಿ ಬೇಡ, ತೂಕವೂ ಬೇಡ. ಅವರಿಗೆ ಬೇಜಾರಾಯಿತು. ಪ್ಲಾನ್ ಸಿಗುತ್ತದೆ ಎಂದು ಬಂದಿದ್ದರು.

ಬರೆದು ತಂದಿದ್ದನ್ನು ಟೇಬಲ್ ಮೇಲೆ ಹರಡಿದಾಗ ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಮಧ್ಯಾಹ್ನ 2ರವರೆಗೆ ಹೆಚ್ಚುಕಡಿಮೆ ಏನೂ ಇಲ್ಲ. ಸಂಜೆ 6ರಿಂದ ರಾತ್ರಿ 11ರ ಒಳಗೆ ದಿನದ ಮುಕ್ಕಾಲು ಪಾಲು ಊಟ. ಹಸಿವಿನ ಅಂಕ ಸಂಜೆ 9. ಹಗಲಿನ ಹಸಿವನ್ನು ಅವರು ಸಾಲ ಎತ್ತುತ್ತಿದ್ದರು, ರಾತ್ರಿ ಬಡ್ಡಿ ಸಮೇತ ಕಟ್ಟುತ್ತಿದ್ದರು. ನಿದ್ದೆ ಐದೂವರೆ ಗಂಟೆ.

ಇನ್ನೊಂದು ಸಾಲೂ ಇತ್ತು, ಬೇರೆ ಪೆನ್ನಿನಲ್ಲಿ ಬರೆದದ್ದು. "ಕಾರಿನಲ್ಲಿ, ಮನೆಗೆ ಬರುವ ಮುಂಚೆ."

ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. ಮನೆಯಲ್ಲಿ ತಿಂದರೆ ಹೆಂಡತಿ ನೋಡುತ್ತಾರೆ. ಹಾಗಾಗಿ ದಾರಿಯಲ್ಲೇ ತಿಂದು, ಖಾಲಿ ಪೊಟ್ಟಣವನ್ನು ಮನೆಗೆ ಬರುವ ಮೊದಲೇ ಬಿಸಾಡುತ್ತಿದ್ದರು.

ಇಂಥ ಮಾತು ಬಂದಾಗ ಕೆಲವು ಪ್ರಶ್ನೆ ಕೇಳದೆ ಮುಂದೆ ಹೋಗುವುದಿಲ್ಲ. ತಿನ್ನುವಾಗ ನಿಲ್ಲಿಸಲು ಸಾಧ್ಯವೇ ಇಲ್ಲ ಅನ್ನಿಸುತ್ತಾ? ಆಮೇಲೆ ಬೇಕೆಂದೇ ವಾಂತಿ ಮಾಡಿಕೊಂಡಿದ್ದು, ಭೇದಿ ಮಾತ್ರೆ ತಗೊಂಡಿದ್ದು ಉಂಟಾ? ತಿಂದಿದ್ದಕ್ಕೆ ಶಿಕ್ಷೆ ಅಂತ ವ್ಯಾಯಾಮ ಮಾಡುತ್ತೀರಾ? ಇದಕ್ಕೆಲ್ಲ ಇಲ್ಲ ಎಂದರು. ಹೌದು ಎಂದಿದ್ದರೆ ಡಯಟ್ ಮಾತನ್ನೇ ಬದಿಗಿಟ್ಟು, ತಿನ್ನುವ ಕಾಯಿಲೆಗಳನ್ನು ನೋಡುವ ಮನೋವೈದ್ಯರ ಹತ್ತಿರ ಕಳಿಸಬೇಕಾಗಿತ್ತು.

ಮುಂದಿನ ಸಲ ಹೆಂಡತಿಯನ್ನೂ ಕರೆಯಬಹುದಾ ಎಂದು ಕೇಳಿದೆ. ಒಪ್ಪಿದರು. ಕಾರಿನ ವಿಷಯವನ್ನು ಆಕೆಗೆ ಹೇಳುವುದೋ ಬಿಡುವುದೋ ಅವರಿಗೆ ಬಿಟ್ಟಿದ್ದು ಎಂದೂ ತಿಳಿಸಿದೆ. ಕೂತ ಐದು ನಿಮಿಷಕ್ಕೆ ಅವರೇ ಹೇಳಿಬಿಟ್ಟರು.

ಆಕೆ ಗಂಡನ ಕಡೆ ತಿರುಗಿ, "ನಾನು ಹೇಳ್ದೆ ಇದ್ರೆ ನೀವು ಎಷ್ಟು ಬೇಕಾದ್ರೂ ತಿಂತೀರಿ ಅಲ್ವೇನ್ರೀ?" ಎಂದರು.

"ನೀನು ತಟ್ಟೆ ನೋಡ್ತಿದ್ರೆ ಇನ್ನೂ ತಿನ್ನಬೇಕು ಅನ್ಸುತ್ತೆ."

ಆಕೆಯ ತಂದೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಆ ಭಯ ದಿನಾ ಊಟದ ಹೊತ್ತಿಗೆ "ಸಾಕು ಬಿಡಿ" ಎಂಬ ಮಾತಾಗಿ ಹೊರಗೆ ಬರುತ್ತಿತ್ತು. ಅವರಿಗೆ ಕೇಳಿಸುತ್ತಿದ್ದುದು ಭಯ ಅಲ್ಲ, ಮೇಷ್ಟ್ರ ದನಿ. ನಾನು ಕೇಳಿಕೊಂಡಿದ್ದು ಇಷ್ಟು: ತಟ್ಟೆಯ ಬಗ್ಗೆ ಮಾತು ಬೇಡ. ಬೈಗುಳವೂ ಬೇಡ, ಹೊಗಳಿಕೆಯೂ ಬೇಡ. ಹೊಗಳಿಕೆ ಯಾಕೆ ಬೇಡ ಎಂದು ಇಬ್ಬರಿಗೂ ಆಶ್ಚರ್ಯ. "ಇವತ್ತು ಕಡಿಮೆ ತಿಂದ್ರಲ್ಲ, ಒಳ್ಳೇದು" ಎಂಬುದೂ ಕಾವಲೇ ತಾನೆ? ನಾಳೆ ಜಾಸ್ತಿ ತಿಂದರೆ ಮತ್ತೆ ಬಚ್ಚಿಡಬೇಕಾಗುತ್ತದೆ.

"ಹಾಗಾದ್ರೆ ನನ್ನ ಭಯ ಏನ್ ಮಾಡ್ಲಿ?" ಎಂದು ಆಕೆ ಕೇಳಿದರು. ಒಳ್ಳೆಯ ಪ್ರಶ್ನೆ. ಭಯವನ್ನು ಭಯ ಅಂತಲೇ ಹೇಳಿ, ಊಟದ ಹೊತ್ತಲ್ಲದೆ ಬೇರೆ ಹೊತ್ತಿನಲ್ಲಿ ಹೇಳಿ ಎಂದೆ. ವಾರಕ್ಕೊಂದು ಸಲ "ಈ ವಾರ ಹೇಗಿತ್ತು?" ಎಂದು ಕೇಳಬಹುದು, ಉತ್ತರ ಕೊಡುವುದು ಅವರ ಜವಾಬ್ದಾರಿ. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಕೆಲಸ ಮಾಡಿದ್ದು ಇದೇ ಅಂತ ನನ್ನ ಅನಿಸಿಕೆ.

ಊಟದ ವಿಷಯದಲ್ಲಿ ನಾನು ತಜ್ಞೆ ಅಲ್ಲ. ಅಳತೆಯ ಲೆಕ್ಕ ಹಾಕಿಕೊಟ್ಟದ್ದು ಡಯಟೀಷಿಯನ್. ದಾರಿ ಮಾತ್ರ ಕೂತು ಮಾತಾಡಿಕೊಂಡೆವು. ಯಾವುದನ್ನೂ ಬಿಡುವ ಮೊದಲು ಸೇರಿಸಬೇಕು. ಬೆಳಿಗ್ಗೆ ಹೊಟ್ಟೆ ತುಂಬುವ ತಿಂಡಿ, ಅದರಲ್ಲಿ ಕಾಳೋ ಮೊಟ್ಟೆಯೋ ಹಾಲಿನ ಪದಾರ್ಥವೋ ಏನಾದರೂ ಪ್ರೋಟೀನ್ ಇರಬೇಕು. ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆಜಿಗೆ 0.8 ಗ್ರಾಂ ಪ್ರೋಟೀನ್ ಎಂಬುದು ಸಾಮಾನ್ಯ ಅಳತೆ, ಅಂದರೆ 80 ಕೆಜಿಯವರಿಗೆ 64 ಗ್ರಾಂ. ಇವರು ಅದರ ಬಹುಪಾಲನ್ನು ರಾತ್ರಿ ಒಂದೇ ಹೊತ್ತಿಗೆ ತಿನ್ನುತ್ತಿದ್ದರು. ತಿಂಡಿಗೂ ಊಟಕ್ಕೂ ನಡುವೆ ನಾಲ್ಕೈದು ಗಂಟೆಗಿಂತ ಜಾಸ್ತಿ ಅಂತರ ಬೇಡ. ಸಿಹಿ ಬಂದ್ ಇಲ್ಲ. ಆದರೆ ತಟ್ಟೆಗೆ ಹಾಕಿಕೊಂಡು, ಮನೆಯಲ್ಲಿ, ಎಲ್ಲರೆದುರು ಕೂತು ತಿನ್ನಬೇಕು.

ಆಫೀಸಿನ ಡ್ರಾಯರಿನಲ್ಲಿದ್ದ ಪೊಟ್ಟಣದ ತಿಂಡಿಗಳ ಬಗ್ಗೆ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಅಮೆರಿಕದಲ್ಲಿ ಕೆವಿನ್ ಹಾಲ್ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಇನ್ನೆರಡು ವಾರ ಸಂಸ್ಕರಿಸದ ಆಹಾರ ಕೊಟ್ಟರು. ಬೇಕಾದಷ್ಟು ತಿನ್ನಬಹುದಿತ್ತು. ಮೊದಲನೆಯದರಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಅವರೆಲ್ಲರಿಗೂ ಆ ಎರಡು ವಾರ ಮಾತ್ರ ಸಂಯಮ ಕೈಕೊಟ್ಟಿತು ಅನ್ನಲು ಆಗುತ್ತಾ? ಡ್ರಾಯರ್ ಖಾಲಿಯಾಯಿತು.

ವ್ಯಾಯಾಮದಲ್ಲಿ ಅಡ್ಡಿಯಾಗಿದ್ದು ಕಾಲೇಜಿನ ಆ ಓಟಗಾರ. ಇವರು ಹಾಕಿಕೊಳ್ಳುತ್ತಿದ್ದ ಪ್ಲಾನ್ ಎಲ್ಲ ಆ ಹುಡುಗನ ಅಳತೆಯದು. ಒಂದು ಗಂಟೆಗಿಂತ ಕಡಿಮೆ ಮಾಡಿದರೆ ಅದು ವ್ಯಾಯಾಮವೇ ಅಲ್ಲ ಎಂದು ನಂಬಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನೂ ಆಗ ಕೈಬಿಟ್ಟರು. ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯಾದರೂ ಬಂದಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ. ಇದನ್ನು ಕೇಳಿ ಅವರಿಗೆ ನಿಜಕ್ಕೂ ನಿರಾಳವಾಯಿತು.

ಮೊದಲು ಏನು ಮಾಡುತ್ತೀರಿ ಎಂದೆ. "ದಿನಾ 40 ನಿಮಿಷ ನಡೀತೀನಿ." ಎಂಥ ದಿನ ಬಂದರೂ ಮಾಡುತ್ತೀರಿ ಎಂಬ ನಂಬಿಕೆ 10ರಲ್ಲಿ ಎಷ್ಟು? "ಐದು." ಹಾಗಾದರೆ ಕಡಿಮೆ ಮಾಡಿ. 30 ನಿಮಿಷ? "ಆರು." ಕೊನೆಗೆ ರಾತ್ರಿ ಊಟವಾದ ಮೇಲೆ 15 ನಿಮಿಷ ಎಂದಾಗ ಒಂಬತ್ತಕ್ಕೆ ಬಂದರು. ಅಲ್ಲಿಂದ ಶುರು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ಪುಷ್‌ಅಪ್. ಮೈಕೈ ನೋವು ಎರಡು ಮೂರು ದಿನ ಇದ್ದರೆ ಚಿಂತೆಯಿಲ್ಲ, ಕೀಲಿನಲ್ಲಿ ಚುಚ್ಚಿದರೆ ನಿಲ್ಲಿಸಬೇಕು. ಉಸಿರಾಟ ಬೇಗ ಸುಧಾರಿಸುತ್ತದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ನಿಧಾನ. ಹಳೆಯ ಓಟಗಾರರು ಮಂಡಿ ಕೆಡಿಸಿಕೊಳ್ಳಲು ಈ ವ್ಯತ್ಯಾಸವೂ ಒಂದು ಕಾರಣ.

ಇದರ ಜೊತೆ ಹದಗೆಟ್ಟ ದಿನಕ್ಕೆಂದು ಬೇರೆಯೇ ಒಂದು ಪ್ಲಾನ್ ಬರೆಸಿದೆ. "ಮನೆಗೆ ಬರೋದು 9 ಗಂಟೆ ಮೇಲಾದರೆ, ಊಟವಾದ ಮೇಲೆ 5 ನಿಮಿಷ ನಡೆಯುತ್ತೇನೆ." "ಅಂದುಕೊಂಡಿದ್ದಕ್ಕಿಂತ ಜಾಸ್ತಿ ತಿಂದರೆ, ಮುಂದಿನ ಊಟವನ್ನು ಹೊತ್ತಿಗೆ ಸರಿಯಾಗಿ ಮಾಡುತ್ತೇನೆ, ಬಿಡುವುದಿಲ್ಲ." ಹೀಗಾದರೆ ಹೀಗೆ ಎಂದು ಮೊದಲೇ ಬರೆದಿಟ್ಟರೆ ಆ ಹೊತ್ತಿನಲ್ಲಿ ಯೋಚಿಸುವ ಗೋಜು ಇರುವುದಿಲ್ಲ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ತಂಡ ಮಾಡಿದ ಅಧ್ಯಯನದಲ್ಲಿ ಒಂದು ಅಭ್ಯಾಸ ತಾನಾಗಿ ಆಗುವ ಮಟ್ಟಕ್ಕೆ ಬರಲು ಹಿಡಿದ ಕಾಲದ ಮಧ್ಯಬಿಂದು 66 ದಿನ. ಆದರೆ ಜನರ ನಡುವೆ ಅದು 18ರಿಂದ 254 ದಿನದವರೆಗೂ ಹರಡಿತ್ತು. ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. 21 ದಿನದ ಸವಾಲು ಅಂತ ಕರೆಕೊಡುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ತೂಕ ವಾರಕ್ಕೊಮ್ಮೆ ಸಾಕು ಎಂದೆ. ಅದರ ಬದಲು ಸೊಂಟದ ಅಳತೆ, ಕೂತಾಗಿನ ನಾಡಿ ಬಡಿತ, ಆ ಎರಡು ಮಹಡಿ ಹತ್ತಿದ ಮೇಲೆ ಉಸಿರು ಹದಕ್ಕೆ ಬರಲು ಎಷ್ಟು ಹೊತ್ತು ಬೇಕು ಎಂಬುದನ್ನು ಬರೆಯತೊಡಗಿದರು.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಆಫೀಸಿನಲ್ಲಿ ಕೆಲಸದ ಒತ್ತಡ, ಎಲ್ಲ ನಿಂತಿತು. ತಲೆ ತಗ್ಗಿಸಿಕೊಂಡೇ ಒಳಗೆ ಬಂದರು. ಯಾಕೆ ನಿಂತಿತು ಎಂದು ನಾನು ಕೇಳಲಿಲ್ಲ. ಮತ್ತೆ ಯಾವಾಗ ಶುರು ಮಾಡಿದಿರಿ ಎಂದೆ. "ಗುರುವಾರ," ಎಂದರು. ಹೇಳಿದ ಮೇಲೆ ಅವರಿಗೇ ನಗು ಬಂತು.

ಆರು ತಿಂಗಳ ಹೊತ್ತಿಗೆ ಬಿಪಿ ಗಡಿಯಿಂದ ಕೆಳಗೆ ಬಂದಿದೆ, ಸೊಂಟ ಇಳಿದಿದೆ, ನಡಿಗೆ ದಿನಕ್ಕೆ ಅರ್ಧ ಗಂಟೆಗೆ ಏರಿದೆ. ಕಾರಿನಲ್ಲಿ ತಿನ್ನುವುದು ನಿಂತಿದೆ. ತೂಕ ಮಾತ್ರ ಅವರು ಬಯಸಿದಷ್ಟು ಇಳಿದಿಲ್ಲ, ಅದರ ಬಗ್ಗೆ ಅವರಿಗೆ ಅಸಮಾಧಾನ ಇದೆ. ಇನ್ನೂ ಕಟ್ಟುನಿಟ್ಟಿನ ಡಯಟ್ ಕೊಡಿ ಎಂದು ಕೇಳಿದರು. ಅದು ಬೇಡ, ಮೊದಲು ನಿದ್ದೆ ನೋಡೋಣ ಎಂದೆ. 2004ರ ಒಂದು ಅಧ್ಯಯನದಲ್ಲಿ ಎರಡೇ ರಾತ್ರಿ ನಾಲ್ಕು ಗಂಟೆಯ ನಿದ್ದೆಗೆ ಇಳಿಸಿದಾಗ, ಆರೋಗ್ಯವಂತ ಯುವಕರಲ್ಲಿ ಹಸಿವು ಹೆಚ್ಚಿಸುವ ಗ್ರೆಲಿನ್ ಏರಿ, ಹೊಟ್ಟೆ ತುಂಬಿತೆನ್ನುವ ಲೆಪ್ಟಿನ್ ಇಳಿದಿತ್ತು. ಇವರ ಡೈರಿಯಲ್ಲಿ ರಾತ್ರಿ ಜಾಸ್ತಿ ತಿಂದ ದಿನಗಳೆಲ್ಲ ಹಿಂದಿನ ರಾತ್ರಿ ತಡವಾಗಿ ಮಲಗಿದ ದಿನಗಳೇ.

ಓದುವವರಲ್ಲಿ ಯಾರಾದರೂ ಇದನ್ನೇ ತಮಗೂ ಅನ್ವಯಿಸಿಕೊಳ್ಳುವುದಾದರೆ ಒಂದು ಮಾತು. ನಡೆಯುವಾಗ ಎದೆ ನೋವು, ತಲೆ ಸುತ್ತು ಬರುವವರು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಹಿಂದೆ ತಿನ್ನುವ ಕಾಯಿಲೆ ಇದ್ದವರು ಮೊದಲು ಡಾಕ್ಟರ ಹತ್ತಿರ ಹೋಗಬೇಕು. ಇವರನ್ನೂ ಡಾಕ್ಟರು ನೋಡಿಯೇ ಕಳಿಸಿದ್ದು. ಸದ್ಯ ರಾತ್ರಿ 11ಕ್ಕೆ ಫೋನನ್ನು ಬೇರೆ ಕೋಣೆಯಲ್ಲಿಡುವ ಪ್ರಯೋಗ ನಡೆದಿದೆ. ನಂಬಿಕೆಯ ಅಂಕ ಏಳು ಅಂದರು, ಹಾಗಾಗಿ ವಾರಕ್ಕೆ ನಾಲ್ಕು ರಾತ್ರಿ ಮಾತ್ರ ಎಂದು ಇಳಿಸಿದ್ದೇವೆ.