ಸಿಮ್ ರೇಸಿಂಗ್‌ನಲ್ಲಿ ಒಂದೇ ಕಾರು ಹಿಡಿಯಬೇಕಾ, ಸಿಕ್ಕಿದ್ದೆಲ್ಲ ಓಡಿಸಬೇಕಾ?

ನೀವು ಕೇಳಿರುವುದು ಇಷ್ಟು: ಸಿಮ್ ರೇಸಿಂಗ್‌ಗೆ, ಅಂದರೆ ಕಂಪ್ಯೂಟರ್ ಅಥವಾ ಗೇಮ್ ಕನ್ಸೋಲಿನಲ್ಲಿ ನಿಜದಂತೆಯೇ ರೇಸ್ ಓಡಿಸುವ ಆಟಕ್ಕೆ, ಸ್ಟೀರಿಂಗ್, ಪೆಡಲ್ ತಗೊಂಡು ಕೆಲವು ತಿಂಗಳಾಗಿವೆ, ಮನಸ್ಸು ಬಂದ ಕಾರು ಹತ್ತುತ್ತೀರಿ, ಲ್ಯಾಪ್ ಟೈಮ್ (ಒಂದು ಸುತ್ತಿಗೆ ಹಿಡಿಯುವ ಸಮಯ) ಮಾತ್ರ ನಿಂತಲ್ಲೇ ನಿಂತಿದೆ. "ಒಂದು ವರ್ಷ ಒಂದೇ ಕಾರು ಓಡಿಸು, ಬೇರೆ ಮುಟ್ಟಬೇಡ" ಎಂದು ಗೆಳೆಯರು ಹೇಳಿದ್ದಾರೆ. ಅದು ಸರಿಯಾ?

ಅರ್ಧ ಸರಿ. ಒಂದೇ ಕಾರು ಹಿಡಿಯಿರಿ, ವರ್ಷದ ಲೆಕ್ಕ ಬಿಡಿ. ಜೊತೆಗೆ, ಕಾರು ಒಂದೇ ಇರಲಿ, ಟ್ರ್ಯಾಕ್ ಬದಲಾಗುತ್ತಿರಲಿ. ಈ ಎರಡನೇ ಮಾತನ್ನು ಬಹಳ ಜನ ಹೇಳುವುದೇ ಇಲ್ಲ.

ದಿನಕ್ಕೊಂದು ಕಾರು ಓಡಿಸುವವರ ತೊಂದರೆ ಏನೆಂದರೆ, ತಪ್ಪು ತಮ್ಮದೋ ಕಾರಿನದೋ ಅವರಿಗೆ ಗೊತ್ತಾಗುವುದೇ ಇಲ್ಲ. ತಿರುವಿನಲ್ಲಿ ಕಾರಿನ ಮೂತಿ ಒಳಗೆ ಬರಲಿಲ್ಲ ಅಂದುಕೊಳ್ಳಿ. ಈ ಕಾರಿನ ಸ್ವಭಾವವೇ ಹಾಗಾ? ಟೈರ್ ಇನ್ನೂ ಬಿಸಿಯಾಗಿರಲಿಲ್ಲವಾ? ನೀವು ಬ್ರೇಕ್ ಬೇಗ ಬಿಟ್ಟಿರಾ? ನಿನ್ನೆ ಓಡಿಸಿದ್ದು ಬೇರೆ ಕಾರು, ನಾಳೆ ಓಡಿಸುವುದು ಮತ್ತೊಂದು. ಉತ್ತರ ಹುಡುಕುವಷ್ಟರಲ್ಲಿ ಪ್ರಶ್ನೆಯೇ ಬದಲಾಗಿರುತ್ತದೆ. ಅಳತೆಗೋಲೇ ದಿನಾ ಉದ್ದ ಗಿಡ್ಡ ಆಗುತ್ತಿದ್ದರೆ ಬಟ್ಟೆ ಎಷ್ಟುದ್ದ ಇದೆ ಎಂದು ಹೇಳುವುದು ಹೇಗೆ? ಅದೇ ಒಂದೇ ಕಾರಿನಲ್ಲಿ ನಾಲ್ಕು ಟ್ರ್ಯಾಕ್ ಸುತ್ತಿ, ನಾಲ್ಕರಲ್ಲೂ ನಿಧಾನ ತಿರುವುಗಳಲ್ಲೇ ಸಮಯ ಕಳೆದುಕೊಳ್ಳುತ್ತಿದ್ದರೆ ಆಗ ಕಾರಿನ ಮೇಲೆ ಗೂಬೆ ಕೂರಿಸಲು ದಾರಿಯಿಲ್ಲ.

ಹೊಸಬರಿಗೆ ನಾನು ಹೇಳುವುದು ಮಜ್ದಾ ಎಂಎಕ್ಸ್-5 ಕಪ್ ಕಾರು. ಐರೇಸಿಂಗ್ ಎಂಬ ಆನ್‌ಲೈನ್ ಸಿಮ್‌ನಲ್ಲಿ ಮೂಲ ಸದಸ್ಯತ್ವದ ಜೊತೆಗೇ ಬರುತ್ತದೆ. ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಕ್ಕೆ, ಶಕ್ತಿ ಕಡಿಮೆ, ಡೌನ್‌ಫೋರ್ಸ್ (ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ) ಇಲ್ಲವೆಂದೇ ಹೇಳಬಹುದು, ಎಬಿಎಸ್ ಇಲ್ಲ. ನಿಮ್ಮನ್ನು ಕಾಪಾಡುವವರು ಯಾರೂ ಇಲ್ಲ, ಆದರೆ ಏನಾಗುತ್ತಿದೆ ಎನ್ನುವುದು ಕೈಗೂ ಕಿವಿಗೂ ತಿಳಿಯುವಷ್ಟು ನಿಧಾನವಾಗಿ ಆಗುತ್ತದೆ.

ಅಮೆರಿಕದ ಲಗುನಾ ಸೆಕಾ ಟ್ರ್ಯಾಕಿನ ಎರಡನೇ ತಿರುವನ್ನೇ ನೋಡಿ. ಎಲ್ಲರೂ ಆ ಟ್ರ್ಯಾಕಿನ ಕಾರ್ಕ್‌ಸ್ಕ್ರೂ ಎಂಬ ತಿರುವಿನ ಬಗ್ಗೆ ಮಾತಾಡುತ್ತಾರೆ; ನನ್ನ ಕೇಳಿದರೆ ಕಲಿಯುವವರಿಗೆ ಅದಕ್ಕಿಂತ ಈ ಆಂಡ್ರೆಟ್ಟಿ ಹೇರ್‌ಪಿನ್ನೇ ಒಳ್ಳೆಯ ಮೇಷ್ಟ್ರು. ದಿಬ್ಬ ದಾಟಿ ಇಳಿಜಾರಿನಲ್ಲಿ ಬ್ರೇಕ್ ಹಾಕಬೇಕು. ಇಳಿಜಾರಾದ್ದರಿಂದ ಭಾರ ಇನ್ನಷ್ಟು ಮುಂದಕ್ಕೆ ಬಂದು ಹಿಂಭಾಗ ಹಗುರಾಗುತ್ತದೆ. ಮೊದಲ ಒತ್ತು ಗಟ್ಟಿಯಾಗಿಯೇ ಇರಲಿ. ಆಮೇಲೆ ಸ್ಟೀರಿಂಗ್ ಎಡಕ್ಕೆ ತಿರುಗುತ್ತಾ ಹೋದಂತೆ ಪೆಡಲ್ ಮೇಲಿನ ಒತ್ತಡ ಸ್ವಲ್ಪ ಸ್ವಲ್ಪವೇ ಕಡಿಮೆಯಾಗಬೇಕು. ಅದೇ ಟ್ರೇಲ್ ಬ್ರೇಕಿಂಗ್. ಪಟ್ಟನೆ ಬಿಟ್ಟಿರೋ, ಮುಂದಿನ ಟೈರ್ ಮೇಲಿನ ಭಾರ ಹೋಗಿ ಕಾರು ನೇರವಾಗಿ ಹೊರಗೆ ಹರಿಯುತ್ತದೆ. ಬಿಡದೆ ಅದುಮಿ ಹಿಡಿದಿರೋ, ಒಳಬದಿಯ ಮುಂದಿನ ಚಕ್ರ ಲಾಕ್ ಆಗಿ ಕಿರುಚುತ್ತದೆ, ಇಲ್ಲವೇ ಹಿಂಭಾಗ ಜಾರಿ ಗಿರಕಿ ಹೊಡೆಯುತ್ತದೆ. ಇವೆರಡರ ನಡುವಿನ ಹದ ಕಾಲಿಗೆ ಹತ್ತಬೇಕಾದರೆ ಅದೇ ಕಾರು, ಅದೇ ಪೆಡಲ್, ಅದೇ ಸೆಟಪ್ ಬೇಕು. ಅಂದಹಾಗೆ, ಕಾರು ಒಂದೇ ಇಟ್ಟುಕೊಂಡು ಎರಡು ದಿನಕ್ಕೊಮ್ಮೆ ಫೋರ್ಸ್ ಫೀಡ್‌ಬ್ಯಾಕ್ (ಸ್ಟೀರಿಂಗ್ ಕೈಗೆ ಕೊಡುವ ಎಳೆತ), ಫೀಲ್ಡ್ ಆಫ್ ವ್ಯೂ (ಪರದೆಯಲ್ಲಿ ಕಾಣುವ ನೋಟದ ಅಗಲ) ತಿರುಚುತ್ತಾ ಕೂರುವವರೂ ಇದ್ದಾರೆ. ಅದು ಕಾರು ಬದಲಿಸಿದ್ದಕ್ಕೆ ಸಮ.

ಈಗ ಅದೇ ತಿರುವಿಗೆ ಜಿಟಿ3 ಕಾರಿನಲ್ಲಿ (ಸ್ಪೋರ್ಟ್ಸ್ ಕಾರಿನಿಂದ ರೂಪಿಸಿದ ರೇಸ್ ಕಾರು) ಬನ್ನಿ. ಎಬಿಎಸ್ ಇದೆ; ಜೋರಾಗಿ ಒತ್ತಿ, ಸ್ಟೀರಿಂಗ್ ತಿರುಗಿಸುತ್ತಲೂ ಸಾಕಷ್ಟು ಹೊತ್ತು ಹಿಡಿದಿರಬಹುದು, ಲಾಕ್ ಆಗದಂತೆ ಯಂತ್ರವೇ ನೋಡಿಕೊಳ್ಳುತ್ತದೆ. ಫಾರ್ಮುಲಾ ಕಾರಿನಲ್ಲಿ (ಚಕ್ರಗಳು ಮೈಯ ಹೊರಗಿರುವ ರೇಸ್ ಕಾರು) ಕಥೆಯೇ ಬೇರೆ. ಡೌನ್‌ಫೋರ್ಸ್ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಏರುತ್ತದೆ, ಹಾಗೇ ಇಳಿಯುತ್ತದೆ. ವೇಗ ಅರ್ಧವಾದರೆ ಡೌನ್‌ಫೋರ್ಸ್ ಕಾಲು ಭಾಗ ಮಾತ್ರ ಉಳಿಯುತ್ತದೆ. ಹಾಗಾಗಿ ಮೊದಲ ಕ್ಷಣ ಪೂರ್ತಿ ಬಲ ಹಾಕಿ ತುಳಿದರೂ ಟೈರ್ ತಡೆದುಕೊಳ್ಳುತ್ತದೆ. ಕಾರು ನಿಧಾನವಾದಂತೆ ಕಾಲು ಹಿಂದೆ ಬರದಿದ್ದರೆ ನೇರ ಹಾದಿಯಲ್ಲೇ ಚಕ್ರ ಲಾಕ್.

ನಿಮ್ಮ ಗೆಳೆಯರ ಸಲಹೆಗೆ ನನ್ನ ತಕರಾರು ಇರುವುದು ಇಲ್ಲೇ. ವರ್ಷಗಟ್ಟಲೆ ಜಿಟಿ3 ಒಂದನ್ನೇ ಓಡಿಸಿದವರು ಎಬಿಎಸ್ ಮಾಡಿಕೊಡುವ ಕೆಲಸವನ್ನು ತಮ್ಮ ಕಾಲಿನ ಕೌಶಲ ಎಂದು ನಂಬಿರುತ್ತಾರೆ. ಎಂಎಕ್ಸ್-5ನಲ್ಲೇ ಉಳಿದವರಿಗೆ, ಹೆಚ್ಚು ವೇಗದಲ್ಲಿ ಹೋದಷ್ಟೂ ಹಿಡಿತ ಹೆಚ್ಚುವ ಕಾರಿನ ಮೇಲೆ ಭರವಸೆಯೇ ಬರುವುದಿಲ್ಲ. ಬೇಡದ ಕಡೆ ಥ್ರಾಟಲ್ (ವೇಗದ ಪೆಡಲ್) ಬಿಟ್ಟು ಇರುವ ಹಿಡಿತವನ್ನೂ ಕಳೆದುಕೊಳ್ಳುತ್ತಾರೆ. ಒಂದು ಕಾರಿನ ಗುಣ ಯಾವುದು, ಎಲ್ಲ ಕಾರಿಗೂ ಹೊಂದುವ ನಿಯಮ ಯಾವುದು ಎನ್ನುವುದು ಎರಡನೇ ಕಾರು ಹತ್ತಿದಾಗಲೇ ಬೇರ್ಪಡುವುದು.

ಹಾಗಾದರೆ ಎರಡನೆಯದು ಯಾವಾಗ? ಗೊತ್ತಿರುವ ಟ್ರ್ಯಾಕಿನಲ್ಲಿ ಸತತ ಹತ್ತು ಲ್ಯಾಪ್, ಹೊರಗೆ ಹೋಗದೆ, ಎಲ್ಲದರ ಸಮಯವೂ ಒಂದಕ್ಕೊಂದು ಅರ್ಧ ಸೆಕೆಂಡಿನ ಅಂತರದೊಳಗೆ ಬರಬೇಕು. ನಿಮ್ಮ ಅತಿ ವೇಗದ ಲ್ಯಾಪ್ ಎಷ್ಟು ಎನ್ನುವುದು ನನಗೆ ಮುಖ್ಯವಲ್ಲ. ಅದು ಒಮ್ಮೆ ಅದೃಷ್ಟದಿಂದಲೂ ಬರುತ್ತದೆ. ಇನ್ನೊಂದು ಗುರುತು: ಒಂದು ಲ್ಯಾಪ್ ನಿಧಾನವಾದರೆ, ರಿಪ್ಲೇ ನೋಡುವ ಮೊದಲೇ ಎಲ್ಲಿ, ಏಕೆ ಹೋಯಿತೆಂದು ನಿಮಗೆ ಗೊತ್ತಿರಬೇಕು. ಇದು ಕೆಲವರಿಗೆ ಎರಡು ತಿಂಗಳಲ್ಲಿ ಬರುತ್ತದೆ, ಕೆಲವರಿಗೆ ಎಂಟು ತಿಂಗಳಲ್ಲಿ. ಟ್ರ್ಯಾಕ್ ಬದಲಾಯಿಸಲು ನೀವೇನೂ ಯೋಜನೆ ಹಾಕಬೇಕಿಲ್ಲ. ಐರೇಸಿಂಗ್‌ನ ಹೆಚ್ಚಿನ ಸರಣಿಗಳಲ್ಲಿ ಸೀಸನ್ ಎಂದರೆ 12 ವಾರ, ವಾರಕ್ಕೊಂದು ಟ್ರ್ಯಾಕ್. ಒಂದು ಸರಣಿಗೆ ಅಂಟಿಕೊಂಡರೆ ಸಾಕು.

ಎರಡನೆಯದನ್ನು ಆರಿಸುವಾಗ ಮೊದಲನೆಯದರ ತಮ್ಮನನ್ನು ತರಬೇಡಿ, ಪೂರ್ತಿ ವಿರುದ್ಧ ಸ್ವಭಾವದ್ದನ್ನು ತನ್ನಿ. ಎಂಎಕ್ಸ್-5 ಆದ ಮೇಲೆ ಮುಂದಿನ ಚಕ್ರ ಚಾಲನೆಯ, ಟಿಸಿಆರ್ ಎಂಬ ವರ್ಗದ ರೇಸ್ ಕಾರು ಒಳ್ಳೆಯದು. ತಿರುವಿನ ಮಧ್ಯೆ ಥ್ರಾಟಲ್ ಒತ್ತಿದರೆ ಮೂತಿ ಹೊರಗೆ ಎಳೆಯುತ್ತದೆ, ಬಿಟ್ಟರೆ ಹಿಂಭಾಗ ಸುತ್ತುತ್ತದೆ, ಜಾರಿದಾಗ ಮತ್ತೆ ಥ್ರಾಟಲ್ ಕೊಟ್ಟೇ ನೆಟ್ಟಗಾಗಬೇಕು. ಕಾಲಿನ ಅಭ್ಯಾಸವೆಲ್ಲ ತಲೆಕೆಳಗು. ಅದಿಲ್ಲದಿದ್ದರೆ ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದಿರುವ ಪೋರ್ಷೆ 911 ಕಪ್. ಅದು ಸಹನೆ ಪರೀಕ್ಷಿಸುತ್ತದೆ, ಮೊದಲೇ ಹೇಳಿಬಿಡುತ್ತೇನೆ.

"ಮ್ಯಾಕ್ಸ್ ವರ್‌ಸ್ಟಾಪನ್ ಯಾವ ಕಾರು ಕೊಟ್ಟರೂ ಓಡಿಸುತ್ತಾನಲ್ಲ" ಎಂದು ಕೇಳುವವರಿರುತ್ತಾರೆ. ಫಾರ್ಮುಲಾ 1 ಚಾಲಕನಾದ ಅವನು ಓಡಿಸುತ್ತಾನೆ, ಸಿಮ್‌ನಲ್ಲೂ. ಆದರೆ 2014ರಲ್ಲಿ ಕಾರ್ ರೇಸಿಂಗ್‌ಗೆ ಬರುವ ಮೊದಲು ಅವನ ಬಾಲ್ಯವೆಲ್ಲ ಪುಟ್ಟ ರೇಸ್ ಬಂಡಿಗಳಾದ ಕಾರ್ಟ್‌ಗಳ ಮೇಲೆ ಕಳೆದಿತ್ತು. ಬುನಾದಿ ಬಿದ್ದವರು ಹತ್ತು ಕಾರು ಓಡಿಸುವುದೇ ಬೇರೆ, ನಾವು ನೀವು ಓಡಿಸುವುದೇ ಬೇರೆ.

ಗ್ರ್ಯಾನ್ ಟುರಿಸ್ಮೊ 7 ಆಡುವವರಾದರೆ 400ಕ್ಕೂ ಹೆಚ್ಚು ಕಾರು ಎದುರಿಗಿದ್ದಾಗ ಕೈ ಕಟ್ಟಿ ಕೂರಿ ಎನ್ನುವಷ್ಟು ಕಟುಕ ನಾನಲ್ಲ. ಅಭ್ಯಾಸದ ಮೊದಲ ಮುಕ್ಕಾಲು ಗಂಟೆ ನಿಮ್ಮ ಕಾರಿಗೆ ಕೊಡಿ, ಆಮೇಲೆ ಯಾವುದನ್ನು ಬೇಕಾದರೂ ಎತ್ತಿ ಗೋಡೆಗೆ ಗುದ್ದಿ. ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆ ಎಂಬ ಸಿಮ್ ಮಾತ್ರ ಇದ್ದರೆ ಆಯ್ಕೆ ಕಡಿಮೆ, ಅಲ್ಲಿ ಹೆಚ್ಚಾಗಿ ಜಿಟಿ3 ಕಾರುಗಳೇ. ಎಂಜಿನ್ ಮುಂದಿರುವ ಬಿಎಂಡಬ್ಲ್ಯು ಎಂ4ನಿಂದ ಶುರು ಮಾಡಿ, ಹದ ಬಂದ ಮೇಲೆ ಪೋರ್ಷೆಗೆ ಹೋಗಿ. ನಿಮ್ಮ ಬಳಿ ಯಾವ ಸಿಮ್ ಇದೆ, ಪೆಡಲ್ ಲೋಡ್ ಸೆಲ್‌ನದಾ (ಕಾಲು ಹಾಕುವ ಬಲವನ್ನು ಅಳೆಯುವಂಥದು) ಎಂದು ಕಾಮೆಂಟಿನಲ್ಲಿ ತಿಳಿಸಿದರೆ ಯಾವ ಕಾರಿನಿಂದ ಶುರು ಮಾಡಬೇಕೆಂದು ಇನ್ನೂ ಖಚಿತವಾಗಿ ಹೇಳಬಲ್ಲೆ.